ನೋಡಿದವರನ್ನು ಕೇಳಿದ ಟಿವಿ

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲೇ ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಸಂಜೆಯಾದರೆ ಜನ ಟಿವಿ ಮುಂದೆ ಕೂಡುತ್ತಿದ್ದರು. ಹಿಂದುಳಿದ ಸೀಮೆಯೆಂದು ಸದಾ ಕರೆಸಿಕೊಳ್ಳುವ ಈ ಭಾಗ, ರಾಜಧಾನಿಗಿಂತ ಮೊದಲು ಟಿವಿ ಕಂಡಿತ್ತು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಟಿವಿಯಲ್ಲಿ ಕಂಡದ್ದು ತಿಳಿಯಿತೇ, ಬೇಕಾದದ್ದೇ, ಉಪಯೋಗಕ್ಕೆ ಬಂತೇ ಎಂದು ನೋಡಿದವರನ್ನು ಕೇಳುವುದಕ್ಕೂ ಆಗ ಒಂದು ವ್ಯವಸ್ಥೆ ಇತ್ತು.

ಅದರ ಹೆಸರು ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್, ಚಿಕ್ಕದಾಗಿ ‘ಸೈಟ್’. ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಅದು ಕೈಗೂಡುವ ಮೊದಲೇ, 1971ರ ಡಿಸೆಂಬರ್‌ನಲ್ಲಿ ಸಾರಾಭಾಯಿ ತೀರಿಕೊಂಡರು. ನಾಸಾದ ಎಟಿಎಸ್-6 ಉಪಗ್ರಹವನ್ನು ಆಫ್ರಿಕಾದ ಮೇಲಿನ ಆಕಾಶಕ್ಕೆ ಸರಿಸಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಭಾರತಕ್ಕೆ ಬಿಟ್ಟುಕೊಡಲಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆಗಳು ಬಂದವು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಈ ಮೂರು ಜಿಲ್ಲೆಗಳು. ಆಗ ಕೊಪ್ಪಳವೂ ರಾಯಚೂರು ಜಿಲ್ಲೆಯೊಳಗೇ ಇತ್ತು.

ಶಾಲೆಯ ಮೇಲೋ ಪಂಚಾಯಿತಿ ಕಟ್ಟಡದ ಮೇಲೋ ಮೂರು ಮೀಟರ್ ಅಗಲದ, ಕೋಳಿಗೂಡಿಗೆ ಹೊದಿಸುವಂಥ ತಂತಿಜಾಲರಿಯ ಆಂಟೆನಾ. ಕೆಳಗೆ ಕಪ್ಪು-ಬಿಳುಪು ಟಿವಿ, ಅದನ್ನು ನೋಡಿಕೊಳ್ಳಲು ಊರಿನವರೇ ಒಬ್ಬರು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು, ಕುಣಿತ, ದೆಹಲಿಯ ಸುದ್ದಿ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ತೆಲುಗು ಕಾರ್ಯಕ್ರಮಗಳಿಗೂ ಅದೇ ಕೇಂದ್ರ.

ಈ ಪ್ರಯೋಗದ ಜೀವಾಳ ತಂತ್ರಜ್ಞಾನದಲ್ಲಷ್ಟೇ ಇರಲಿಲ್ಲ. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದಲ್ಲಿ ಎಂಜಿನಿಯರುಗಳ ಜೊತೆಗೆ ಸಮಾಜ ವಿಜ್ಞಾನಿಗಳ ಒಂದು ತಂಡವಿತ್ತು. ಆಗ ಕೇಂದ್ರದ ನಿರ್ದೇಶಕರು ಯಶ್ ಪಾಲ್; ಸಾಮಾಜಿಕ ಸಂಶೋಧನೆಯಲ್ಲಿ ಮುಂದಿದ್ದವರು ಮಾನವಶಾಸ್ತ್ರಜ್ಞ ಬಿನೋದ್ ಅಗ್ರವಾಲ್. ಕಾರ್ಯಕ್ರಮ ತಯಾರಾಗುವ ಮುಂಚೆ ಊರಿನವರಿಗೆ ಏನು ಬೇಕೆಂದು ಕೇಳುವುದು, ಪ್ರಸಾರ ನಡೆಯುತ್ತಿದ್ದಾಗ ನೋಡುಗರನ್ನು ಮಾತಾಡಿಸಿ ವರದಿಯನ್ನು ತಯಾರಕರಿಗೆ ಮುಟ್ಟಿಸುವುದು, ಕೊನೆಯಲ್ಲಿ ಬದಲಾದದ್ದೇನೆಂದು ಅಳೆಯುವುದು, ಹೀಗೆ ಮೂರು ಹಂತದ ಕೆಲಸ. ಆಯ್ದ ಕೆಲವು ಹಳ್ಳಿಗಳಲ್ಲಿ ಸಂಶೋಧಕರು ತಿಂಗಳುಗಟ್ಟಲೆ ವಾಸವಿದ್ದರು. ಟಿವಿ ಮುಂದೆ ಯಾರು ಕೂಡುತ್ತಾರೆ, ಯಾರು ದೂರ ನಿಲ್ಲುತ್ತಾರೆ, ಯಾವಾಗ ಎದ್ದು ಹೋಗುತ್ತಾರೆ ಎಂಬುದನ್ನೆಲ್ಲ ಕಂಡು ಬರೆದಿಟ್ಟರು. ವೀಕ್ಷಕರ ಅಭಿಪ್ರಾಯವನ್ನು ಇಷ್ಟು ಶ್ರದ್ಧೆಯಿಂದ ಹುಡುಕಿಕೊಂಡು ಹೋದ ಕೆಲಸ ನಮ್ಮ ದೇಶದ ಟಿವಿಯಲ್ಲಿ ಆಮೇಲೆ ಅಪರೂಪವೇ ಆಯಿತು.

ಸಿಕ್ಕ ಉತ್ತರಗಳು ನಗರದವರ ಊಹೆಗಳನ್ನು ತಲೆಕೆಳಗು ಮಾಡಿದವು. ಮೊದಲ ವಾರಗಳ ಜಾತ್ರೆಯಂಥ ಜನಸಂದಣಿ ಕರಗಿ, ಉಳಿದವರು ನಿಜವಾಗಿ ನೋಡಬೇಕೆಂದು ಬಂದವರು. ಹಳ್ಳಿಯವರಿಗೆ ಮನರಂಜನೆ ಮಾತ್ರ ಸಾಕು ಎಂಬ ಮಾತು ಸುಳ್ಳಾಯಿತು: ಹಾಡು-ಕುಣಿತಕ್ಕಿಂತ, ಬದುಕಿಗೆ ಬೇಕಾದದ್ದನ್ನು ತಿಳಿಸುವ ಕಾರ್ಯಕ್ರಮಗಳನ್ನೇ ಅವರು ಮೆಚ್ಚಿದರು. ಆರೋಗ್ಯದ ವಿಷಯದಲ್ಲಿ ಹೆಚ್ಚು ಕಲಿತವರು ಓದು ಬಾರದವರು, ಅದರಲ್ಲೂ ಹೆಣ್ಣುಮಕ್ಕಳು. ಆದರೆ ಒಕ್ಕಲುತನದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಏಕೆಂದು ನಮ್ಮ ರಾಯಚೂರು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದು ಭತ್ತದ ಬೇಸಾಯ ಹಬ್ಬುತ್ತಿದ್ದ ಕಾಲ ಅದು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯ ನೀರು ಇನ್ನೂ ಮುಟ್ಟಿರಲಿಲ್ಲ. ಜೋಳ, ತೊಗರಿ, ಹತ್ತಿ, ಮಳೆ ಬಂದರೆ ಬೆಳೆ. ಒಂದೇ ಜಿಲ್ಲೆಯ ಎರಡು ತಾಲ್ಲೂಕಿಗೆ ಒಂದೇ ಸಲಹೆ ಹೊಂದದಿರುವಾಗ, ಹೈದರಾಬಾದಿನಲ್ಲಿ ಕೂತು ಮೂರು ಜಿಲ್ಲೆಗೆ ಒಟ್ಟಾಗಿ ಹೇಳಿದ ಮಾತು ಹೊಲಕ್ಕೆ ಇಳಿಯುವುದು ಹೇಗೆ? ಟಿವಿ ಸ್ಥಳೀಯವಾಗಿದ್ದಷ್ಟೂ ಉಪಯೋಗ ಹೆಚ್ಚು ಎಂಬುದಕ್ಕೆ ಗುಜರಾತಿನ ಖೇಡಾ ಸಾಕ್ಷಿ. ಅಲ್ಲಿ ಪಿಜ್ ಎಂಬ ಊರಿನ ಸಣ್ಣ ಟ್ರಾನ್ಸ್‌ಮಿಟರ್‌ನಿಂದ ಅಲ್ಲಿನ ಜನರನ್ನೇ ಸೇರಿಸಿಕೊಂಡು, ಅವರ ಆಡುಮಾತಿನಲ್ಲೇ ಕಾರ್ಯಕ್ರಮ ಮಾಡಿದರು. 1984ರಲ್ಲಿ ಅದಕ್ಕೆ ಯುನೆಸ್ಕೊದ ಗ್ರಾಮೀಣ ಸಂವಹನ ಪ್ರಶಸ್ತಿ ಬಂತು.

‘ಸೈಟ್’ನ ಒಂದು ಮಿತಿಯನ್ನು ಮುಚ್ಚಿಡಬಾರದು. ಅದು ನಡೆದ ವರ್ಷವಿಡೀ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಬೀಜ, ಗೊಬ್ಬರ, ಚುಚ್ಚುಮದ್ದಿನ ಬಗ್ಗೆ ಜನರ ಅಭಿಪ್ರಾಯ ಕೇಳಬಹುದಿತ್ತು. ಸರ್ಕಾರದ ನಡವಳಿಕೆಯ ಬಗ್ಗೆ ಅದೇ ಧೈರ್ಯದಿಂದ ಕೇಳುವ, ಹೇಳುವ ಕಾಲವಲ್ಲ ಅದು. ಸಾರ್ವಜನಿಕ ವಿಷಯಗಳ ಮೇಲಿನ ವೀಕ್ಷಕರ ಮಾತು ಅಲ್ಲಿಗೇ ಅರ್ಧ ನಿಂತಿತು. 1976ರ ಆಗಸ್ಟ್ ಹೊತ್ತಿಗೆ ಉಪಗ್ರಹವೂ ಹೋಯಿತು. ಮರುವರ್ಷ ಗುಲಬರ್ಗಾದಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಶುರುವಾಯಿತಾದರೂ, ದೇಶದಾದ್ಯಂತ ಇಂಥ ಕೇಂದ್ರಗಳು ಮುಟ್ಟಿದ್ದು ‘ಸೈಟ್’ ಹಳ್ಳಿಗಳ ಒಂದು ಭಾಗವನ್ನು ಮಾತ್ರ.

ಈಗ ಎಲ್ಲವೂ ತಿರುವುಮುರುವು. ರಾಯಚೂರಿನಲ್ಲಾಗಲಿ, ಮಾನ್ವಿ, ದೇವದುರ್ಗದಲ್ಲಾಗಲಿ ಮನೆಮನೆಗೂ ಟಿವಿ ಇದೆ, ಬೇಕಾದಷ್ಟು ವಾಹಿನಿಗಳಿವೆ, ಮಾತಾಡಲು ಜನರಿಗೆ ಬಾಯಿ ಇದೆ. ಕೇಳುವವರು ಕಡಿಮೆ. ಟಿಆರ್‌ಪಿ ಮೀಟರ್ ಯಾವ ವಾಹಿನಿ ಎಷ್ಟು ಹೊತ್ತು ಓಡಿತು ಎಂದು ಹೇಳುತ್ತದೆಯೇ ಹೊರತು, ಮಾನ್ವಿಯ ಕಾಲುವೆಯ ಕೊನೆ ಭಾಗದ ರೈತನಿಗೆ ಕಾಲುವೆಯ ಮೈಲ್ 69ರಲ್ಲಿ ನೀರಿನ ಮಟ್ಟ (ಗೇಜ್) ಎಷ್ಟಿದೆ ಎಂಬ ಸುದ್ದಿ ಸರಿಯಾಗಿ ತಲುಪಿತೇ ಎಂದು ಹೇಳುವುದಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ, ಅದೇ ವರ್ಷ ಏಮ್ಸ್‌ಗಾಗಿ ಧರಣಿ ಕೂತಾಗ, ಚರ್ಚೆಗೆ ವಿಷಯ ಬೇಕಾದಷ್ಟಿತ್ತು. ಇಂಥ ಚರ್ಚೆಯ ಮರುದಿನ ಓಣಿಗೆ ಹೋಗಿ ‘ನಿನ್ನೆ ನೋಡಿದ್ದರಾಗ ನಿಮಗ ಏನ್ ತಿಳೀತ್ರಿ, ಏನ್ ಬಿಟ್ಟುಹೋಗಿತ್ರಿ’ ಎಂದು ಕೇಳುವುದು ಸ್ಥಳೀಯ ವಾಹಿನಿಗೆ ದೊಡ್ಡ ಖರ್ಚಿನ ಕೆಲಸವಲ್ಲ. ಕನ್ನಡದ ಜೊತೆ ತೆಲುಗು, ಉರ್ದು, ಲಂಬಾಣಿ ಮಾತಾಡುವ ಓಣಿಗಳಲ್ಲಿ ಹೀಗೆ ಕೇಳುವುದು ಇನ್ನೂ ಮುಖ್ಯ.

ವೀಕ್ಷಕರ ಕೈಯಲ್ಲೂ ಒಂದು ದಾರಿ ಇದೆ. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮಗಳ ಪ್ರಕಾರ, ಕಾರ್ಯಕ್ರಮದ ಬಗ್ಗೆ ದೂರು ಕೊಟ್ಟರೆ ಪ್ರಸಾರ ಸಂಸ್ಥೆ 24 ಗಂಟೆಯೊಳಗೆ ದೂರು ಬಂದಿದೆಯೆಂದು ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಪ್ರಸಾರಕರ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಕೇಬಲ್‌ನಲ್ಲಿ ಬರುವ ಕಾರ್ಯಕ್ರಮಗಳ ಮೇಲೆ ನಿಗಾ ಇಡಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೂ ಅವಕಾಶವಿದೆ. ಬರೆಯುವಾಗ ವಾಹಿನಿಯ ಹೆಸರು, ಕಾರ್ಯಕ್ರಮ, ತಾರೀಖು, ಹೊತ್ತು ಇಷ್ಟನ್ನು ಮರೆಯದೆ ನಮೂದಿಸಿ. ದೂರನ್ನಷ್ಟೇ ಅಲ್ಲ, ಚೆನ್ನಾಗಿ ಬಂದದ್ದನ್ನೂ, ಹೇಳದೆ ಬಿಟ್ಟದ್ದನ್ನೂ ಬರೆದು ತಿಳಿಸಿ.