ಉಳಿದ ಪಂದ್ಯಗಳ ಲೆಕ್ಕ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗೆ ಒಂದು ಪಂದ್ಯ ಸಾಲದು. ಒಂದು ಕಣ್ಣು ತನ್ನ ತಂಡದ ಮೇಲಿದ್ದರೆ ಇನ್ನೊಂದು ಕಣ್ಣು ಸಾವಿರ ಮೈಲಿ ಆಚೆ ಪೈಪೋಟಿಯ ತಂಡ ಆಡುತ್ತಿರುವ ಮೈದಾನದ ಸ್ಕೋರಿನ ಮೇಲೆ. ವಸಂತದಲ್ಲಿ ಶುರುವಾದ ಲೀಗ್‌ನಲ್ಲಿ ಪ್ರತಿ ತಂಡ 162 ಪಂದ್ಯ ಆಡಬೇಕು. ಹೆಚ್ಚುಕಡಿಮೆ ದಿನಕ್ಕೊಂದು. ಐದು ತಿಂಗಳು ಅಭಿಮಾನಿ ಆರಾಮವಾಗಿ, ಸೋತರೆ ನಾಳೆ ನೋಡೋಣ ಎಂದುಕೊಂಡು ಕಳೆದಿರುತ್ತಾನೆ. ಕೊನೆಯ ತಿಂಗಳಲ್ಲಿ ಮಾತ್ರ ಪೆನ್ನು ಹಿಡಿದು ಕೂರುತ್ತಾನೆ. ನಾವೆಷ್ಟು ಗೆಲ್ಲಬೇಕು, ಅವರೆಷ್ಟು ಸೋಲಬೇಕು, ಉಳಿದಿರುವುದೆಷ್ಟು? ಪ್ರತಿ ಮೇ ತಿಂಗಳಲ್ಲಿ ಆರ್‌ಸಿಬಿಗಾಗಿ ಕ್ಯಾಲ್ಕುಲೇಟರ್ ಹಿಡಿದವರಿಗೆ ಈ ಕಾಯಿಲೆಯ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ.

ಈ ಲೆಕ್ಕದಲ್ಲಿ ಎರಡು ಜಾತಿ. ಒಂದು ಖಚಿತವಾದದ್ದು, ಇನ್ನೊಂದು ಖಚಿತದಂತೆ ಕಾಣುವಂಥದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಏನಾಗುತ್ತದೆ ಎಂಬುದನ್ನು 2011ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಅಭಿಮಾನಿಗಳು ಕಂಡರು.

ಖಚಿತ ಲೆಕ್ಕದಲ್ಲಿ ಎಲ್ಲರ ಬಾಯಲ್ಲೂ ಇರುವುದು ‘ಮ್ಯಾಜಿಕ್ ನಂಬರ್’. ಅದರಲ್ಲಿ ಮಾಯೆಯೇನೂ ಇಲ್ಲ. ಒಟ್ಟು ಪಂದ್ಯಗಳಿಗೆ ಒಂದು ಕೂಡಿಸಿ 163 ಎಂದಿಟ್ಟುಕೊಳ್ಳಿ. ಅದರಿಂದ ನಮ್ಮ ಗೆಲುವುಗಳನ್ನೂ ಎದುರಾಳಿಯ ಸೋಲುಗಳನ್ನೂ ಕಳೆಯಿರಿ. ನಾವು ಗೆದ್ದಾಗಲೆಲ್ಲ ಅದು ಒಂದು ಇಳಿಯುತ್ತದೆ, ಅವರು ಸೋತಾಗಲೂ ಒಂದು ಇಳಿಯುತ್ತದೆ. ಸೊನ್ನೆ ಮುಟ್ಟಿತೆಂದರೆ ಮುಗಿಯಿತು, ಇನ್ನು ಅವರು ನಮ್ಮನ್ನು ಹಿಡಿಯಲಾರರು. ಪ್ರಾಥಮಿಕ ಶಾಲೆಯ ಕೂಡುವ ಕಳೆಯುವ ಲೆಕ್ಕ.

ಆದರೆ ಈ ಸರಳ ಲೆಕ್ಕ ಕೆಲವೊಮ್ಮೆ ಸತ್ತ ತಂಡವನ್ನೂ ಬದುಕಿದೆ ಎನ್ನುತ್ತದೆ. 1996ರ ಆಗಸ್ಟ್ 30ರ ಪಟ್ಟಿಯನ್ನು ಕಂಪ್ಯೂಟರ್ ವಿಜ್ಞಾನದ ಮೇಷ್ಟರುಗಳು ಇಂದಿಗೂ ತರಗತಿಯಲ್ಲಿ ಬಳಸುತ್ತಾರೆ. ಎರಡು ಲೀಗುಗಳಲ್ಲೊಂದಾದ ಅಮೆರಿಕನ್ ಲೀಗಿನ ಪೂರ್ವ ವಿಭಾಗದಲ್ಲಿ ನ್ಯೂಯಾರ್ಕ್ 75 ಗೆಲುವು, ಬಾಲ್ಟಿಮೋರ್ 71, ಬಾಸ್ಟನ್ 69, ಟೊರಾಂಟೊ 63, ತಳದಲ್ಲಿ ಡೆಟ್ರಾಯಿಟ್ 49. ಡೆಟ್ರಾಯಿಟ್‌ಗೆ ಇನ್ನೂ 27 ಪಂದ್ಯ ಬಾಕಿ. ಎಲ್ಲವನ್ನೂ ಗೆದ್ದರೆ 76. ನ್ಯೂಯಾರ್ಕ್ ಇರುವುದು 75ರಲ್ಲಿ. ಅಂದಮೇಲೆ, ಹುಚ್ಚು ಆಸೆಯಾದರೂ ಸರಿ, ವಿಭಾಗದ ಮೊದಲ ಸ್ಥಾನಕ್ಕೆ ಒಂದು ದಾರಿ ಇದೆ ಎಂದೇ ಮೇಲ್ನೋಟಕ್ಕೆ ಕಾಣುತ್ತದೆ.

ಇಲ್ಲ. ಡೆಟ್ರಾಯಿಟ್‌ನ ಕಟ್ಟಾ ಅಭಿಮಾನಿಯೊಬ್ಬ ಬೇಕಾದ ಫಲಿತಾಂಶಗಳನ್ನು ತಾನೇ ಬರೆಯುತ್ತಾ ಹೋಗಲಿ. ಯಾರೂ 76 ದಾಟಬಾರದು, ಆದ್ದರಿಂದ ನ್ಯೂಯಾರ್ಕ್ ಇನ್ನು ಒಂದೇ ಒಂದು ಪಂದ್ಯ ಗೆಲ್ಲಬಹುದು. ಬಾಸ್ಟನ್ ಜೊತೆ ಅದಕ್ಕೆ 8 ಪಂದ್ಯಗಳಿವೆ. ಎಂಟನ್ನೂ ಬಾಸ್ಟನ್‌ಗೆ ಬಿಟ್ಟರೆ ಬಾಸ್ಟನ್ 77ಕ್ಕೆ ಹೋಗುತ್ತದೆ. ಹಾಗಾಗಿ ನ್ಯೂಯಾರ್ಕಿನ ಆ ಒಂದು ಗೆಲುವು ಇಲ್ಲೇ ಖರ್ಚು, ಬಾಸ್ಟನ್ ಏಳು ಗೆದ್ದು 76ಕ್ಕೆ ನಿಲ್ಲುತ್ತದೆ. ಇನ್ನು ಬಾಸ್ಟನ್ ಬಾಲ್ಟಿಮೋರ್ ಜೊತೆಗಿನ ಎರಡನ್ನೂ ಸೋಲಲೇಬೇಕು, ನ್ಯೂಯಾರ್ಕ್ ಬಾಲ್ಟಿಮೋರ್‌ಗೆ ಮೂರನ್ನೂ ಸೋಲಲೇಬೇಕು. ಬಾಲ್ಟಿಮೋರ್ ಕೂಡ 76. ಅದೂ ಇನ್ನು ಗೆಲ್ಲುವಂತಿಲ್ಲ, ಟೊರಾಂಟೊ ಜೊತೆಗಿನ ಏಳನ್ನೂ ಸೋಲಬೇಕು. ನ್ಯೂಯಾರ್ಕ್ ಕೂಡ ಟೊರಾಂಟೊ ಎದುರಿನ ಏಳನ್ನೂ ಸೋಲಬೇಕು. ಟೊರಾಂಟೊ ಗೆಲುವು 63ಕ್ಕೆ 14 ಸೇರಿ 77. ಎಲ್ಲರನ್ನೂ ತುಳಿದು ನಿಲ್ಲಿಸಿದರೂ ಕೊನೆಗೆ ಒಬ್ಬರು 76ರ ಗೆರೆ ದಾಟಿಯೇ ತೀರುತ್ತಾರೆ. ನಾಲ್ಕು ತಂಡಗಳ ಕೈಯಲ್ಲಿ ಆಗಲೇ 278 ಗೆಲುವುಗಳಿವೆ, ಪರಸ್ಪರ ಆಡಬೇಕಾದ 27 ಪಂದ್ಯಗಳಲ್ಲಿ ಪ್ರತಿಯೊಂದನ್ನೂ ಯಾರೋ ಒಬ್ಬರು ಗೆಲ್ಲಲೇಬೇಕು. 305ನ್ನು ನಾಲ್ಕಕ್ಕೆ ಹಂಚಿದರೆ ಸರಾಸರಿ 76.25. ಡೆಟ್ರಾಯಿಟ್ ಅಂದೇ ಹೊರಬಿದ್ದಿತ್ತು.

ಇದನ್ನು ಯಾವ ಪಟ್ಟಿಗಾದರೂ ಅನ್ವಯಿಸುವ ವಿಧಾನವನ್ನು ಬೆಂಜಮಿನ್ ಶ್ವಾರ್ಟ್ಸ್ ಎಂಬ ಗಣಿತಜ್ಞ 1966ರಲ್ಲೇ ತೋರಿಸಿದ್ದರು. ಉಳಿದ ಪಂದ್ಯಗಳನ್ನು ನೀರಿನಂತೆಯೂ ತಂಡಗಳನ್ನು ಇಷ್ಟೇ ಹಿಡಿಸುವ ಕೊಳವೆಗಳಂತೆಯೂ ಭಾವಿಸಿ, ಅಷ್ಟೂ ನೀರು ಹರಿದು ಹೋಗುತ್ತದೆಯೇ ಎಂದು ನೋಡುವುದು. ಒಂದು ತೊಟ್ಟು ಉಳಿದರೂ ನಿಮ್ಮ ತಂಡದ ಕಥೆ ಮುಗಿಯಿತು. ರೈಲು ಸರಕು ಸಾಗಣೆಗೆಂದು ಬೆಳೆದ ‘ಗರಿಷ್ಠ ಹರಿವು’ ಎಂಬ ಗಣಿತವೇ ಇಲ್ಲಿ ಅಭಿಮಾನಿಗಳ ಆಸೆಯನ್ನು ಅಳೆಯುತ್ತದೆ. ನನಗೆ ಈ ಲೆಕ್ಕ ಇಷ್ಟವಾಗುವುದು ಅದರ ನಿಷ್ಠುರತೆಗಾಗಿ. ಯಾರು ಬಲಿಷ್ಠರು, ಯಾರು ದುರ್ಬಲರು, ಯಾರ ಭುಜ ನೋಯುತ್ತಿದೆ ಎಂಬ ಯಾವುದೂ ಅದಕ್ಕೆ ಬೇಡ. ಅದು ಹೇಳಿದ್ದು ಸುಳ್ಳಾಗಲು ಸಾಧ್ಯವೇ ಇಲ್ಲ.

ಎರಡನೇ ಜಾತಿ ಹಾಗಲ್ಲ. ಈಗ ಪ್ರತಿದಿನ ಬೆಳಗ್ಗೆ ಅಭಿಮಾನಿ ಮೊದಲು ನೋಡುವುದು ಶೇಕಡಾವಾರು ಅಂಕಿಯನ್ನು. ನಿಮ್ಮ ತಂಡ ಪ್ಲೇಆಫ್ ತಲುಪುವ ಸಾಧ್ಯತೆ ಶೇ 62, ನಿನ್ನೆಗಿಂತ 5 ಹೆಚ್ಚು, ಹೀಗೆ. ಇದು ಹುಟ್ಟುವುದು ಮಾಂಟೆ ಕಾರ್ಲೊ ವಿಧಾನದಿಂದ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಂಟಿಯಾಗಿ ಇಸ್ಪೀಟು ಆಡುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್‌ಗೆ, ಆಟ ಗೆಲ್ಲುವ ಸಾಧ್ಯತೆಯನ್ನು ಸೂತ್ರದಿಂದ ಲೆಕ್ಕ ಹಾಕುವ ಬದಲು ನೂರು ಸಲ ಆಡಿ ಎಣಿಸಿದರಾಯಿತಲ್ಲ ಎಂದು ಹೊಳೆಯಿತು. ಅಣುಬಾಂಬಿನ ಪ್ರಯೋಗಾಲಯ ಲಾಸ್ ಅಲಾಮೋಸ್‌ನಲ್ಲಿ ನ್ಯೂಟ್ರಾನ್‌ಗಳ ಓಡಾಟ ತಿಳಿಯಲು ಅದನ್ನು ಬಳಸಿದರು. ಈಗ ಅದೇ ಉಪಾಯದಿಂದ ಕಂಪ್ಯೂಟರ್ ಉಳಿದ ಪಂದ್ಯಗಳನ್ನೆಲ್ಲ ಸಾವಿರಾರು ಸಲ ಆಡಿಸುತ್ತದೆ. ಪ್ರತಿ ಪಂದ್ಯಕ್ಕೂ ಒಂದು ನಾಣ್ಯ ಚಿಮ್ಮುತ್ತದೆ, ಬಲಿಷ್ಠ ತಂಡದ ಕಡೆಗೆ ತುಸು ವಾಲಿದ ನಾಣ್ಯ. ಹತ್ತು ಸಾವಿರ ಸೀಸನ್‌ಗಳಲ್ಲಿ 6,200 ಸಲ ನಿಮ್ಮ ತಂಡ ಮೇಲೆ ಬಂದರೆ ಶೇ 62.

ನಾಣ್ಯ ಎಂದದ್ದು ಸುಮ್ಮನೆ ಅಲ್ಲ. ಬೇಸ್‌ಬಾಲ್‌ನಷ್ಟು ಅದೃಷ್ಟದ ಪಾಲಿರುವ ದೊಡ್ಡ ಆಟಗಳು ಕಡಿಮೆ. ಅತ್ಯುತ್ತಮ ತಂಡವೂ ಹತ್ತರಲ್ಲಿ ನಾಲ್ಕು ಸೋಲುತ್ತದೆ, ಕಳಪೆ ತಂಡವೂ ಹತ್ತರಲ್ಲಿ ನಾಲ್ಕು ಗೆಲ್ಲುತ್ತದೆ. ಪ್ರತಿ ಪಂದ್ಯವೂ ಶುದ್ಧ ನಾಣ್ಯದ ಚಿಮ್ಮುವಿಕೆಯೇ ಆಗಿದ್ದರೂ 162ರ ಕೊನೆಯಲ್ಲಿ ತಂಡಗಳೆಲ್ಲ 81ರಲ್ಲಿ ಸಾಲಾಗಿ ನಿಲ್ಲುತ್ತಿರಲಿಲ್ಲ. ಮಾನಕ ವಿಚಲನೆ ಸುಮಾರು 6.4 ಗೆಲುವು, ಎಂದರೆ ಬಹುಪಾಲು ತಂಡಗಳು 68ರಿಂದ 94ರವರೆಗೆ ಹರಡಿಕೊಳ್ಳುತ್ತಿದ್ದವು. 94 ಗೆದ್ದ ನಾಣ್ಯವನ್ನು ಪತ್ರಿಕೆಗಳು ‘ಛಲದ ತಂಡ’ ಎಂದು ಹೊಗಳುತ್ತಿದ್ದವು, ಅನುಮಾನವಿಲ್ಲ.

162 ಪಂದ್ಯ ಆಡಿಸಿದರೆ ಈ ಗದ್ದಲದಲ್ಲೂ ನಿಜವಾದ ಬಲ ಕೇಳಿಸುತ್ತದೆ. ಐಪಿಎಲ್‌ನ 14 ಪಂದ್ಯಗಳಲ್ಲಿ ಆ ಸೌಲಭ್ಯವಿಲ್ಲ. ಬರೀ ನಾಣ್ಯದಿಂದ ಆಡುವ ತಂಡ ಅಲ್ಲಿ 9 ಅಥವಾ ಹೆಚ್ಚು ಪಂದ್ಯ ಗೆಲ್ಲುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ಹೆಚ್ಚು. ಅದೇ ಪ್ರಮಾಣದ ಯಶಸ್ಸು 162 ಪಂದ್ಯಗಳಲ್ಲಿ ಎಂದರೆ 104 ಗೆಲುವು. ನಾಣ್ಯಕ್ಕೆ ಅದು ಸಿಗುವುದು ಐದು ಸಾವಿರಕ್ಕೆ ಒಮ್ಮೆ. 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಒಳಬಂದ ಆರ್‌ಸಿಬಿಯ ಅಂತಿಮ ಲೆಕ್ಕ ಏಳು ಗೆಲುವು, ಏಳು ಸೋಲು. ಇಷ್ಟು ಹೇಳಿ ಸುಮ್ಮನಾಗುವುದು ಕ್ಷೇಮ.

2011ಕ್ಕೆ ಬರೋಣ. ಆಗ ಪ್ರತಿ ಲೀಗಿನಲ್ಲಿ ಮೂರು ವಿಭಾಗಗಳ ವಿಜೇತರ ಜೊತೆ ‘ವೈಲ್ಡ್ ಕಾರ್ಡ್’ ಮೂಲಕ ಒಂದೇ ಹೆಚ್ಚುವರಿ ತಂಡಕ್ಕೆ ಪ್ಲೇಆಫ್ ಪ್ರವೇಶ. ಸೆಪ್ಟೆಂಬರ್ 3ರಂದು ಆ ಜಾಗಕ್ಕೆ ಬಾಸ್ಟನ್, ಟ್ಯಾಂಪಾ ಬೇ ರೇಸ್ ತಂಡಕ್ಕಿಂತ 9 ಪಂದ್ಯ ಮುಂದಿತ್ತು. ಬಾಸ್ಟನ್ ಹೊರಬೀಳುವ ಸಾಧ್ಯತೆಯನ್ನು ಸಂಖ್ಯಾಶಾಸ್ತ್ರಜ್ಞ ನೇಟ್ ಸಿಲ್ವರ್ ಆಮೇಲೆ ಶೇ 0.3 ಎಂದು ಬರೆದರು. ಅಭಿಮಾನಿಗಳು ನಿಶ್ಚಿಂತೆಯಿಂದಿದ್ದರೆ ತಪ್ಪೇನಿಲ್ಲ. ಆದರೆ ಆ ತಿಂಗಳು ಬಾಸ್ಟನ್ 27 ಪಂದ್ಯಗಳಲ್ಲಿ ಗೆದ್ದದ್ದು 7.

ಆಗಸ್ಟ್ ಕೊನೆಯವರೆಗೆ ಹತ್ತರಲ್ಲಿ ಆರು ಗೆಲ್ಲುತ್ತಿದ್ದ ತಂಡ ಅದು. ಹಾಗೆ ವಾಲಿದ ನಾಣ್ಯವನ್ನು 27 ಸಲ ಚಿಮ್ಮಿದರೆ ಏಳು ಅಥವಾ ಕಡಿಮೆ ಗೆಲುವು ಬರುವುದು ಸುಮಾರು ಮೂರು ಸಾವಿರಕ್ಕೆ ಒಮ್ಮೆ. 1901ರಿಂದೀಚೆಗೆ ಎರಡೂ ಲೀಗುಗಳ ಎಲ್ಲ ತಂಡಗಳ ಸೆಪ್ಟೆಂಬರ್‌ಗಳನ್ನು ಎಣಿಸಿದರೆ ಎರಡು ಸಾವಿರಕ್ಕೂ ಹೆಚ್ಚು. ಆದ್ದರಿಂದ ಎಲ್ಲೋ ಒಬ್ಬರಿಗೆ ಇಂಥದ್ದು ತಗುಲಿದರೆ ಪವಾಡವಲ್ಲ. ಆದರೂ ನನಗೆ ಈ ಸಮಾಧಾನ ಅರ್ಧಂಬರ್ಧ ಅನಿಸುತ್ತದೆ. ಸೆಪ್ಟೆಂಬರ್‌ನ ಬಾಸ್ಟನ್ ಏಪ್ರಿಲ್‌ನ ಬಾಸ್ಟನ್ ಆಗಿರಲಿಲ್ಲ. ಪಿಚರ್‌ಗಳ (ಚೆಂಡೆಸೆಯುವವರ) ಪೈಕಿ ಕ್ಲೇ ಬುಖೋಲ್ಟ್ಸ್ ಬೆನ್ನು ನೋವಿನಿಂದ ಜೂನ್‌ನಲ್ಲೇ ಹೊರಗುಳಿದಿದ್ದ, ಡೈಸುಕೆ ಮತ್ಸುಝಾಕಾನ ಮೊಣಕೈಗೆ ಅದೇ ತಿಂಗಳು ಶಸ್ತ್ರಚಿಕಿತ್ಸೆಯಾಗಿತ್ತು. ಉಳಿದವರು ದಣಿದಿದ್ದರು. ಒಬ್ಬ ಪಿಚರ್ ಬೇಗ ಮೈದಾನ ಬಿಟ್ಟರೆ ಅವನ ಹೊರೆ ಮರುದಿನದ ಇನ್ನೊಬ್ಬನ ಭುಜಕ್ಕೆ. ನಾಣ್ಯಕ್ಕೆ ನಿನ್ನೆಯ ನೆನಪಿಲ್ಲ, ಭುಜಕ್ಕೆ ಇದೆ. ಶೇ 0.3 ಎಂಬ ಅಂಕಿ ಹೇಳಿದ್ದು ‘ತಂಡ ಹೀಗೆಯೇ ಇದ್ದರೆ’ ಎಂಬ ಷರತ್ತಿನೊಂದಿಗೆ, ಆದರೆ ಷರತ್ತು ಯಾವ ಪರದೆಯ ಮೇಲೂ ಮೂಡುವುದಿಲ್ಲ.

ಸೆಪ್ಟೆಂಬರ್ 28, ಕೊನೆಯ ದಿನ. ಬಾಸ್ಟನ್, ಟ್ಯಾಂಪಾ ಎರಡೂ 90 ಗೆಲುವು, 71 ಸೋಲು. ಮ್ಯಾಜಿಕ್ ನಂಬರ್ ಇಬ್ಬರಿಗೂ 2, ಉಳಿದದ್ದು ಒಂದೊಂದೇ ಪಂದ್ಯ. ಸಮವಾದರೆ ಮರುದಿನ 163ನೇ ಪಂದ್ಯ. ಬಾಲ್ಟಿಮೋರ್‌ನಲ್ಲಿ ಬಾಸ್ಟನ್ 3-2 ಮುಂದಿದ್ದಾಗ ಮಳೆ ಬಂದು ಆಟ ಒಂದೂವರೆ ಗಂಟೆಯಷ್ಟು ನಿಂತಿತು. ಅತ್ತ ಫ್ಲಾರಿಡಾದಲ್ಲಿ ಟ್ಯಾಂಪಾ, ನ್ಯೂಯಾರ್ಕ್ ಯಾಂಕೀಸ್ ಎದುರು ಏಳು ಇನಿಂಗ್ಸ್ ಮುಗಿದಾಗ 0-7. ಎಂಟನೆಯದರಲ್ಲಿ ಆರು ರನ್ ಬಂತು. ಒಂಬತ್ತನೆಯದರಲ್ಲಿ ಇಬ್ಬರು ಔಟ್, ಇನ್ನೊಂದು ಸ್ಟ್ರೈಕ್ ಬಿದ್ದರೆ ಆಟ ಮುಗಿಯಿತು. ಆ ವರ್ಷವಿಡೀ ಬ್ಯಾಟಿಗೆ ಚೆಂಡು ಸಿಗದೆ ಒದ್ದಾಡಿದ್ದ ಡ್ಯಾನ್ ಜಾನ್ಸನ್ ಬದಲಿ ಆಟಗಾರನಾಗಿ ಬಂದು ಚೆಂಡನ್ನು ಬಲಗಡೆಯ ಕಂಬದ ಬಳಿ ಗ್ಯಾಲರಿಗೆ ಅಟ್ಟಿದ. 7-7. ಮಳೆ ನಿಂತ ಬಾಲ್ಟಿಮೋರ್‌ನಲ್ಲಿ ಬಾಸ್ಟನ್‌ನ ಜೊನಾಥನ್ ಪಾಪೆಲ್ಬಾನ್ ಇಬ್ಬರನ್ನು ಔಟ್ ಮಾಡಿ ಮೂರನೆಯವನಿಗಾಗಿ ನಿಂತಿದ್ದ, ಬೇಸ್‌ಗಳು ಖಾಲಿ. ಒಂದು ಡಬಲ್ (ಎರಡು ಬೇಸ್ ಗಳಿಸುವ ಹೊಡೆತ), ಇನ್ನೊಂದು ಡಬಲ್, ಆಮೇಲೆ ರಾಬರ್ಟ್ ಆಂಡಿನೊ ಹೊಡೆದ ಚೆಂಡು ಜಾರಿ ಬಂದ ಫೀಲ್ಡರ್‌ನ ಗ್ಲೌಸಿನಿಂದ ತಪ್ಪಿತು. ಬಾಸ್ಟನ್ 3-4ರಲ್ಲಿ ಸೋತಿತು. ಮೂರೇ ನಿಮಿಷ ಕಳೆದಿತ್ತು, ಟ್ಯಾಂಪಾದ ಇವಾನ್ ಲಾಂಗೋರಿಯಾ 12ನೇ ಇನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ತಂಡವನ್ನು ಗೆಲ್ಲಿಸಿದ. ಬಾಸ್ಟನ್‌ನವರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಿಲ್ವರ್ ಆಮೇಲೆ ನಾಲ್ಕು ಸಾಧ್ಯತೆಗಳನ್ನು ಗುಣಿಸಿದರು. ಬಾಸ್ಟನ್ ಕುಸಿಯುವುದು ಶೇ 0.3, ಟ್ಯಾಂಪಾ 0-7ರಿಂದ ಚೇತರಿಸಿಕೊಳ್ಳುವುದು ಶೇ 0.3, ಜಾನ್ಸನ್‌ನ ಕೊನೆಯ ಸ್ಟ್ರೈಕ್‌ನ ಹೊತ್ತಿಗೆ ಶೇ 2, ಪಾಪೆಲ್ಬಾನ್ ಎಡವುವುದು ಶೇ 2. ಬಂದ ಉತ್ತರ 27.8 ಕೋಟಿಗೆ ಒಂದು. ಆ ಸಂಖ್ಯೆ ಊರೆಲ್ಲ ಸುತ್ತಿತು. ಮೋಜಿನ ಲೆಕ್ಕವಾಗಿ ಚೆನ್ನಾಗಿದೆ, ಆದರೆ ಗುಣಾಕಾರ ನಿಲ್ಲುವುದಿಲ್ಲ. 0-7ರಿಂದ ಗೆಲ್ಲುವ ಪ್ರತಿಯೊಂದು ದಾರಿಯೂ ಕೊನೆಯ ಇನಿಂಗ್ಸ್‌ಗಳ ಮೂಲಕವೇ ಹಾಯಬೇಕು. ಆ ಕಷ್ಟ ಶೇ 0.3ರೊಳಗೆ ಆಗಲೇ ಸೇರಿದೆ, ಅದನ್ನೇ ಮತ್ತೆ ಶೇ 2 ಎಂದು ಗುಣಿಸಿದರೆ ಒಂದೇ ಸಾಲಕ್ಕೆ ಎರಡು ಸಲ ಬಡ್ಡಿ ಕಟ್ಟಿದಂತೆ. ಬಾಸ್ಟನ್ ಕುಸಿತದ ಲೆಕ್ಕದೊಳಗೆ ಕೊನೆಯ ರಾತ್ರಿಯೂ ಇದೆ. ಮೇಲಾಗಿ ವಿಭಾಗವನ್ನು ಮೊದಲೇ ಗೆದ್ದಿದ್ದ ಯಾಂಕೀಸ್‌ಗೆ ಆ ಪಂದ್ಯ ಬೇಕಿರಲಿಲ್ಲ. ಅವರ ಮುಖ್ಯ ಅಸ್ತ್ರ ಮಾರಿಯಾನೊ ರಿವೆರಾ ಚೆಂಡೆಸೆಯಲೇ ಇಲ್ಲ.

ಇದನ್ನೆಲ್ಲ ಅಭಿಮಾನಿಯ ದೇಹ ಹೇಗೆ ತಾಳಿಕೊಳ್ಳುತ್ತದೆ? ಇದರ ಹೆಸರಾಂತ ಅಧ್ಯಯನ ಫುಟ್‌ಬಾಲ್‌ನದು. 2006ರ ವಿಶ್ವಕಪ್ ಸಮಯದಲ್ಲಿ ಮ್ಯೂನಿಕ್ ಸುತ್ತಮುತ್ತಲಿನ ತುರ್ತು ವೈದ್ಯಕೀಯ ದಾಖಲೆಗಳನ್ನು ನೋಡಿದಾಗ, ಜರ್ಮನಿ ಆಡಿದ ದಿನಗಳಲ್ಲಿ ಹೃದಯ ಸಂಬಂಧಿ ತುರ್ತು ಪ್ರಕರಣಗಳು 2.66 ಪಟ್ಟು ಹೆಚ್ಚಿದ್ದವು. ಪೆನಾಲ್ಟಿ ಒದೆತಗಳವರೆಗೆ ಹೋದ ಅರ್ಜೆಂಟೀನಾ ಪಂದ್ಯದ ದಿನ ಏರಿಕೆ ಎಲ್ಲಕ್ಕಿಂತ ಜಾಸ್ತಿ. ಆ ಪಂದ್ಯ ಗೆದ್ದದ್ದು ಜರ್ಮನಿಯೇ, ಆದ್ದರಿಂದ ಎದೆ ಹಿಂಡುವುದು ಸೋಲಿಗಿಂತ ಕಾಯುವಿಕೆ ಎಂದುಕೊಳ್ಳಬಹುದು. 2003ರಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಕೋತಿಗಳ ಮಿದುಳಿನಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದು. ಹಣ್ಣಿನ ರಸ ಸಿಗುವುದು ಖಚಿತವಿದ್ದಾಗಲೂ ಸಿಗುವುದಿಲ್ಲವೆಂದು ಖಚಿತವಿದ್ದಾಗಲೂ ಕಾಯುವ ಹೊತ್ತಿನಲ್ಲಿ ಡೋಪಮಿನ್ ನರಕೋಶಗಳು ಶಾಂತವಾಗಿರುತ್ತಿದ್ದವು. ಸಿಗುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ ಅವುಗಳ ಮಿಡಿತ ಏರುತ್ತಲೇ ಹೋಗುತ್ತಿತ್ತು. ಕೋತಿಯಿಂದ ಗ್ಯಾಲರಿಯ ಮನುಷ್ಯನಿಗೆ ನೇರ ಗೆರೆ ಎಳೆಯುವುದು ಅವಸರವಾದೀತು. ಆದರೂ ಶೇ 50ರ ಆಸುಪಾಸಿನಲ್ಲಿ ನಿದ್ದೆಗೆಟ್ಟವರು ಈ ಸುದ್ದಿ ಓದಿ ತಲೆಯಾಡಿಸಿಯಾರು.

ಬೇಸ್‌ಬಾಲ್‌ನಲ್ಲಿ 2022ರಿಂದ ನಿಯಮ ಬದಲಾಗಿದೆ. ಪ್ರತಿ ಲೀಗಿಗೆ ಮೂರು ವೈಲ್ಡ್ ಕಾರ್ಡ್, 163ನೇ ಪಂದ್ಯ ರದ್ದು. ಸಮವಾದರೆ ಆ ವರ್ಷ ಪರಸ್ಪರ ಪಂದ್ಯಗಳಲ್ಲಿ ಹೆಚ್ಚು ಗೆದ್ದವರಿಗೆ ಜಾಗ. 2024ರಲ್ಲಿ ಹೆಲೀನ್ ಚಂಡಮಾರುತದಿಂದ ಮುಂದೆ ಹೋದ ಎರಡು ಪಂದ್ಯಗಳನ್ನು ನ್ಯೂಯಾರ್ಕ್ ಮೆಟ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ಸೆಪ್ಟೆಂಬರ್ 30ರಂದು, ಎಲ್ಲರ ಲೀಗ್ ಮುಗಿದ ಮರುದಿನ, ಒಂದರ ಹಿಂದೊಂದು ಆಡಿದವು. ಯಾರಾದರೂ ಎರಡನ್ನೂ ಗೆದ್ದರೆ ಸೋತವರ ಜಾಗ ಪೈಪೋಟಿಯಲ್ಲಿದ್ದ ಮೂರನೇ ತಂಡ ಅರಿಝೋನಾಕ್ಕೆ, ತಲಾ ಒಂದು ಗೆದ್ದರೆ ಅರಿಝೋನಾ ಹೊರಗೆ. ನಾಣ್ಯದ ಲೆಕ್ಕದಲ್ಲಿ ಇದು ಅರ್ಧಕ್ಕರ್ಧ. ಮೊದಲ ಪಂದ್ಯವನ್ನು ಮೆಟ್ಸ್ 8-7ರಲ್ಲಿ ಗೆದ್ದು ಒಳಗೆ ಹೋಯಿತು. ಎರಡನೆಯದು ಅದಕ್ಕಿನ್ನು ಬೇಕಿರಲಿಲ್ಲ, ಹಲವು ಪ್ರಮುಖ ಆಟಗಾರರಿಗೆ ವಿಶ್ರಾಂತಿ ಕೊಟ್ಟಿತು. ಬ್ರೇವ್ಸ್‌ಗೆ ಪ್ರಾಣದ ಪ್ರಶ್ನೆ, ಅದು 3-0ರಲ್ಲಿ ಗೆದ್ದಿತು. ಮೂರೂ ತಂಡಗಳು 89 ಗೆಲುವುಗಳಲ್ಲಿ ನಿಂತವು. ಆ ದಿನ ತನ್ನದೆಂಬ ಒಂದು ಪಂದ್ಯವೂ ಇಲ್ಲದೆ ಟಿವಿ ಮುಂದೆ ಕೂತಿದ್ದ ಅರಿಝೋನಾ ಅಭಿಮಾನಿಗೆ, ಎರಡನೇ ಪಂದ್ಯದಲ್ಲಿ ಮೆಟ್ಸ್ ಕಣಕ್ಕಿಳಿಸಿದ ಆಟಗಾರರ ಪಟ್ಟಿ ನೋಡಿದೊಡನೆಯೇ ಉತ್ತರ ಗೊತ್ತಾಗಿರಬೇಕು.