ಬಿರುದು ಬದಲಾದಾಗ

ಕಾಲೇಜೊಂದರ ಆಟಗಾರರ ಅಂಗಿಯ ಮೇಲಿನ ಹೆಸರನ್ನು ಬದಲಾಯಿಸಬೇಕಾಗಿ ಬಂದಾಗ ಆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು, ಶಾಸನಸಭೆಯಲ್ಲಿ ಕಾನೂನಾಯಿತು, ಕಡೆಗೆ ಇಡೀ ರಾಜ್ಯದ ಮತದಾರರ ಮುಂದೆ ಬಂದು ನಿಂತಿತು ಎಂದರೆ ನಮ್ಮಲ್ಲಿ ಅನೇಕರು ನಂಬಲಾರರು. ಅಮೆರಿಕದ ಈ ಸಂಗತಿಯನ್ನು ಮೊದಲು ಓದಿದಾಗ ನಾನೂ ಇದು ಹೊಟ್ಟೆ ತುಂಬಿದವರ ಜಗಳವೆಂದು ನಕ್ಕು ಪುಟ ಮಗುಚಿದ್ದೆ. ಆ ನಗು ಏಕೆ ಉಳಿಯಲಿಲ್ಲವೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಅಲ್ಲಿಯ ಪದ್ಧತಿಯನ್ನು ಸ್ವಲ್ಪ ತಿಳಿಯಬೇಕು. ನಮ್ಮಲ್ಲಿ ಕಾಲೇಜಿನ ತಂಡವನ್ನು ಕಾಲೇಜಿನ ಹೆಸರಿನಿಂದಲೇ ಕರೆಯುವುದು ವಾಡಿಕೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಕಾಲೇಜಿನ ತಂಡಗಳಿಗೂ ಒಂದು ಬಿರುದು ಉಂಟು. ಅದು ಮೃಗದ ಹೆಸರಾಗಿರಬಹುದು, ಹಕ್ಕಿಯದಾಗಿರಬಹುದು, ಯೋಧನದಾಗಿರಬಹುದು. ಅದಕ್ಕೆ ತಕ್ಕ ಲಾಂಛನ, ಬಣ್ಣ, ಹಾಡು, ಘೋಷಣೆ ಎಲ್ಲವೂ ಇರುತ್ತವೆ. ಇವನ್ನೆಲ್ಲ ನೋಡಿಕೊಳ್ಳುವುದು ಕಾಲೇಜಿನ ಕ್ರೀಡಾ ವಿಭಾಗ. ಪದವಿ ಪಡೆದು ಮೂವತ್ತು ವರ್ಷ ಕಳೆದವರೂ ಆ ಲಾಂಛನದ ಟೋಪಿ ಧರಿಸಿ ಪಂದ್ಯಕ್ಕೆ ಬರುತ್ತಾರೆ, ಮಕ್ಕಳನ್ನೂ ಕರೆತರುತ್ತಾರೆ. ಆದುದರಿಂದ ಕ್ರೀಡಾ ವಿಭಾಗವು ಬಿರುದನ್ನು ಬದಲಾಯಿಸಿದರೆ ತಮ್ಮ ಮನೆಯ ಹೆಸರನ್ನೇ ಯಾರೋ ತಿದ್ದಿದರೆಂದು ಅವರಿಗೆ ಅನ್ನಿಸುವುದು ಸಹಜ.

ಇಂಥ ಪ್ರಸಂಗಗಳಲ್ಲಿ ಕೆಲವು ನಗೆ ತರಿಸುವಂಥವು. ಮಿಲ್ವಾಕಿ ನಗರದ ಮಾರ್ಕೆಟ್ ವಿಶ್ವವಿದ್ಯಾಲಯವು 1994ರಲ್ಲಿ ‘ವಾರಿಯರ್ಸ್’ ಎಂಬ ಹಳೆಯ ಬಿರುದನ್ನು ಬಿಟ್ಟು ‘ಗೋಲ್ಡನ್ ಈಗಲ್ಸ್’ ಎಂದು ಇಟ್ಟುಕೊಂಡಿತು. ಮತ್ತೆ 2005ರ ಮೇ ತಿಂಗಳಲ್ಲಿ ಬರಿಯ ‘ಗೋಲ್ಡ್’ ಎಂದು ಘೋಷಿಸಿತು. ಅಭಿಮಾನಿಗಳು ಎಂಥ ಗದ್ದಲವೆಬ್ಬಿಸಿದರೆಂದರೆ, ಸುಮಾರು ಒಂದು ವಾರದಲ್ಲಿಯೇ ವಿಶ್ವವಿದ್ಯಾಲಯವು ಹಿಂದೆಗೆಯಬೇಕಾಯಿತು. ಬಳಿಕ ಮತ ತೆಗೆದಾಗ ‘ಗೋಲ್ಡನ್ ಈಗಲ್ಸ್’ ಮತ್ತೆ ಗೆದ್ದಿತು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್‌ನಲ್ಲಿ 1972ರಲ್ಲಿ ‘ಇಂಡಿಯನ್ಸ್’ ಎಂಬ ಬಿರುದನ್ನು ಕೈಬಿಟ್ಟ ಬಳಿಕ, ವಿದ್ಯಾರ್ಥಿಗಳು ಸಂಸ್ಥಾಪಕನಾದ ರೈಲ್ವೆ ಧನಿಕನನ್ನು ಅಣಕಿಸಿ ‘ರಾಬರ್ ಬ್ಯಾರನ್ಸ್’, ಎಂದರೆ ಸುಲಿಗೆಯ ಸಾಹುಕಾರರು, ಎಂಬ ಹೆಸರಿಗೆ ಮತ ಕೊಟ್ಟರು! ಅಧಿಕಾರಿಗಳು ಅದನ್ನು ಒಪ್ಪಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ನಾನು ಹೇಳಹೊರಟ ಮುಖ್ಯ ಪ್ರಸಂಗ ನಡೆದದ್ದು ಉತ್ತರ ಡಕೋಟ ವಿಶ್ವವಿದ್ಯಾಲಯದಲ್ಲಿ. ಕೆನಡದ ಗಡಿಗೆ ಸಮೀಪದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರಿನಲ್ಲಿ 1883ರಲ್ಲಿ ಇದು ಸ್ಥಾಪಿತವಾಯಿತು. ಚಳಿ ವಿಪರೀತವಾದ ಆ ನಾಡಿನಲ್ಲಿ ಹಾಕಿಯೆಂದರೆ ನಾವು ಆಡುವ ಹಾಕಿಯಲ್ಲ. ಉಕ್ಕಿನ ಅಲಗುಳ್ಳ ಬೂಟು ಧರಿಸಿ ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಆಟ. ಅದರಲ್ಲಿ ಈ ತಂಡಕ್ಕೆ ಬಹು ದೊಡ್ಡ ಹೆಸರು. ಮೊದಲಿಗೆ ಅದರ ಬಿರುದು ‘ಫ್ಲಿಕರ್‌ಟೇಲ್ಸ್’ ಎಂದಿತ್ತು. ಅದು ಬಿಲದಲ್ಲಿ ವಾಸಿಸುವ ಒಂದು ಬಗೆಯ ಅಳಿಲು. ಇಷ್ಟು ಸಾಧುಪ್ರಾಣಿ ತಮಗೆ ತಕ್ಕುದಲ್ಲವೆಂದು 1930ರಲ್ಲಿ ಅದನ್ನು ಬಿಟ್ಟು, ಆ ಸೀಮೆಯ ಮೂಲನಿವಾಸಿಗಳಾದ ಸೂ ಜನಾಂಗದ ಹೆಸರನ್ನು ಇಟ್ಟುಕೊಂಡರು. ನೆರೆಯ ಎದುರಾಳಿ ಕಾಲೇಜಿನ ಬಿರುದು ‘ಬೈಸನ್’, ಎಂದರೆ ಕಾಡುಕೋಣ. ಅದನ್ನು ಬೇಟೆಯಾಡಬಲ್ಲವರು ಸೂ ಜನ ಎಂಬುದೂ ಆಗ ಕೊಟ್ಟ ಒಂದು ಕಾರಣ. ಕಾಲಕ್ರಮದಲ್ಲಿ ಅದು ‘ಫೈಟಿಂಗ್ ಸೂ’ ಎಂದಾಯಿತು. ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆ ಹಾಡುವಾಗ ಅದರ ಕೊನೆಯ ಪದವನ್ನು ಬಿಟ್ಟು ಸಾವಿರಾರು ಕಂಠಗಳು ‘ಸೂ’ ಎಂದು ಕೂಗುವುದು ರೂಢಿಯಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಮಾತುಂಟು. ಮುಂದೆ ಯಾವ ಹೆಸರನ್ನು ಪರಂಪರೆಯೆಂದು ಎದೆಗವಚಿಕೊಂಡರೋ ಅದೂ ಒಂದು ಕಾಲದಲ್ಲಿ ಹೊಸದಾಗಿ ಇಟ್ಟುಕೊಂಡದ್ದೇ.

2001ರಲ್ಲಿ ಅಲ್ಲಿ ಒಂದು ಭವ್ಯವಾದ ಕ್ರೀಡಾಂಗಣ ತೆರೆಯಿತು. ಇದರ ವೆಚ್ಚ ಹತ್ತು ಕೋಟಿ ಡಾಲರುಗಳಿಗೂ ಮಿಕ್ಕಿತ್ತು. ದಾನ ಮಾಡಿದಾತ ರಾಲ್ಫ್ ಎಂಗೆಲ್‌ಸ್ಟಾಡ್. ಹಿಂದೆ ಇದೇ ತಂಡದ ಗೋಲಿಯಾಗಿದ್ದು, ಮುಂದೆ ಲಾಸ್ ವೇಗಸ್‌ನಲ್ಲಿ ಜೂಜುಗೃಹದ ಒಡೆಯನಾದವನು. ಬಿರುದನ್ನು ಕೈಬಿಟ್ಟರೆ ಕಟ್ಟಡದ ಕೆಲಸವನ್ನೇ ನಿಲ್ಲಿಸುತ್ತೇನೆಂದು ಆತ 2000ದ ಡಿಸೆಂಬರಿನಲ್ಲಿ ಪತ್ರ ಬರೆದ. ಬಿರುದು ಉಳಿಯಿತು. ನೆಲದ ಗ್ರಾನೈಟಿನಲ್ಲಿ, ಆಸನಗಳ ಸಾಲುಗಳ ತುದಿಯಲ್ಲಿ, ಎಲ್ಲೆಲ್ಲಿಯೂ ಸೂ ಯೋಧನ ಮುಖವನ್ನು ಸಾವಿರಾರು ಸಂಖ್ಯೆಯಲ್ಲಿ ಕೂಡಿಸಿದರು.

ಆದರೆ ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯು 2005ರಲ್ಲಿ ಒಂದು ನಿಯಮ ಮಾಡಿತು. ಮೂಲನಿವಾಸಿಗಳನ್ನು ಅವಮಾನಿಸುವಂತಹ ಬಿರುದು ಲಾಂಛನಗಳಿಗೆ ತನ್ನ ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಎಡೆಯಿಲ್ಲವೆಂದಿತು. ಉತ್ತರ ಡಕೋಟದವರು ಮೊಕದ್ದಮೆ ಹೂಡಿದರು. 2007ರಲ್ಲಿ ರಾಜಿಯಾಯಿತು: ಆ ರಾಜ್ಯದ ಎರಡು ಸೂ ನೆಲೆಗಳಾದ ಸ್ಪಿರಿಟ್ ಲೇಕ್ ಮತ್ತು ಸ್ಟ್ಯಾಂಡಿಂಗ್ ರಾಕ್ ಎರಡೂ ಒಪ್ಪಿದರೆ ಹೆಸರು ಇರಲಿ, ಇಲ್ಲವಾದರೆ ಹೋಗಲಿ. ಎಷ್ಟೋ ದಶಕಗಳು ಮೊಳಗಿದ ಹೆಸರಿನ ಅಳಿವು ಉಳಿವು ಕಡೆಗೆ ಅದರ ಒಡೆಯರ ಒಪ್ಪಿಗೆಗೆ ಬಂದು ನಿಂತಿತು! ಸ್ಪಿರಿಟ್ ಲೇಕ್‌ನ ಜನ 2009ರಲ್ಲಿ ಮತ ಕೊಟ್ಟು ಬಹುಮತದಿಂದ ಒಪ್ಪಿದರು. ಇದು ನಮಗೆ ಗೌರವವೆಂದು ಅವರಲ್ಲಿ ಅನೇಕರು ನಂಬಿದ್ದರು. ಸ್ಟ್ಯಾಂಡಿಂಗ್ ರಾಕ್‌ನಿಂದ ಒಪ್ಪಿಗೆ ಬರಲಿಲ್ಲ.

ಆಮೇಲೆ 2011ರಲ್ಲಿ ಹೆಸರನ್ನು ಉಳಿಸಲೇಬೇಕೆಂದು ಶಾಸನಸಭೆ ಕಾನೂನು ಮಾಡಿತು. ಅದೇ ವರ್ಷ ಅದನ್ನು ತಾನೇ ರದ್ದು ಮಾಡಿತು. ಅಭಿಮಾನಿಗಳು ಸಹಿ ಸಂಗ್ರಹಿಸಿ ವಿಷಯವನ್ನು ರಾಜ್ಯದ ಮತದಾರರ ಮುಂದಿಟ್ಟರು. 2012ರ ಜೂನಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಬಿರುದನ್ನು ಬಿಡಬಹುದೆಂದು ತೀರ್ಪು ಕೊಟ್ಟರು.

ಬಳಿಕ ಕೆಲವು ವರ್ಷ ತಂಡಕ್ಕೆ ಬಿರುದೇ ಇರಲಿಲ್ಲ. ಅಭಿಮಾನಿಗಳಲ್ಲಿ ಅನೇಕರಿಗೆ ಅದೇ ಹಿತವಾಯಿತು: ‘ನಮ್ಮದು ಹೋದ ಮೇಲೆ ಮತ್ತೊಂದು ಬೇಡ, ಉತ್ತರ ಡಕೋಟ ಎಂದರೆ ಸಾಕು’ ಎಂಬ ಭಾವ ಅವರದು. 2015ರಲ್ಲಿ ಮತ ತೆಗೆದಾಗ ಆ ಆಯ್ಕೆಯನ್ನು ಪಟ್ಟಿಯಲ್ಲಿ ಸೇರಿಸದಿದ್ದುದು ಅವರನ್ನು ಕೆರಳಿಸಿತು. ಅನೇಕ ಸುತ್ತುಗಳ ನಂತರ ‘ಫೈಟಿಂಗ್ ಹಾಕ್ಸ್’, ಎಂದರೆ ಕಾದಾಡುವ ಗಿಡುಗಗಳು, ಎಂಬ ಹೆಸರು ಗೆದ್ದಿತು. ಅದರ ಲಾಂಛನ ಇನ್ನೂ ಸಿದ್ಧವಾಗದಿದ್ದ 2016ರ ಏಪ್ರಿಲಿನಲ್ಲಿ ಆ ತಂಡ ರಾಷ್ಟ್ರೀಯ ಹಾಕಿ ಪ್ರಶಸ್ತಿಯನ್ನು ಗೆದ್ದುಕೊಂಡಿತು. ಅಂದು ಆಟಗಾರರ ಎದೆಯ ಮೇಲಿದ್ದುದು ರಾಜ್ಯದ ಹೆಸರು ಮಾತ್ರ. ಯೋಧನ ಮುಖವಿಲ್ಲದಿದ್ದರೂ ಆಟವೇನೂ ಕುಂದಲಿಲ್ಲ.

ಇನ್ನೊಂದು ಸ್ವಾರಸ್ಯವನ್ನು ಹೇಳಬೇಕು. ‘ಸೂ’ ಎಂಬುದು ಆ ಜನ ತಮಗೆ ತಾವು ಇಟ್ಟುಕೊಂಡ ಹೆಸರಲ್ಲ. ನೆರೆಯ ಜನಾಂಗದವರ ಮಾತು ಫ್ರೆಂಚರ ಬಾಯಲ್ಲಿ ಮೊಟಕಾಗಿ ಉಳಿದದ್ದು. ತಮ್ಮನ್ನು ಅವರು ಕರೆದುಕೊಳ್ಳುವುದು ‘ಡಕೋಟ’, ‘ಲಕೋಟ’ ಎಂದು. ಆ ಪದಕ್ಕೆ ಮಿತ್ರ ಎಂದರ್ಥ. ಬಿರುದು ಬೇಡ, ರಾಜ್ಯದ ಹೆಸರೇ ಸಾಕೆಂದವರು ತಮಗೆ ತಿಳಿಯದೆಯೇ ಆ ಜನರ ನಿಜವಾದ ಹೆಸರನ್ನು ಹಿಡಿದಿದ್ದರು.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ವಿದ್ಯಾರ್ಥಿನಿಲಯದ ಒಬ್ಬ ಗೆಳೆಯ. ಅವನ ಊರ ಕಡೆಯ ಮಾತಿನ ಪದವೊಂದನ್ನು ನಾವು ಅವನಿಗೆ ಹೆಸರಾಗಿ ಇಟ್ಟಿದ್ದೆವು. ಅವನು ಬ್ಯಾಟು ಹಿಡಿದು ಹೊರಟನೆಂದರೆ ಆ ಹೆಸರನ್ನೇ ಕೂಗಿ ಹುರಿದುಂಬಿಸುತ್ತಿದ್ದೆವು. ಎರಡು ವರ್ಷ ಕಳೆದ ಮೇಲೆ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವನು ಹಾಗೆ ಕರೆಯಬೇಡಿರೆಂದ. “ಪ್ರೀತಿಯಿಂದ ಕರೆದದ್ದಲ್ಲವೇನೋ?” ಎಂದೆ ನಾನು. “ಇರಬಹುದು. ಆದರೆ ಎರಡು ವರ್ಷದಲ್ಲಿ ಒಬ್ಬನಾದರೂ ನನ್ನನ್ನು ಕೇಳಿದ್ದೀರೇನೋ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಗ್ರ್ಯಾಂಡ್ ಫೋರ್ಕ್ಸ್‌ನ ಅಭಿಮಾನಿಗಳ ಪ್ರೀತಿ ಸುಳ್ಳೆಂದು ನಾನು ಹೇಳಲಾರೆ, ನಮ್ಮದೂ ಸುಳ್ಳಾಗಿರಲಿಲ್ಲ. ಕಳೆದುಕೊಂಡವರಿಗೆ ನೋವಾಗುವುದೂ ದಿಟ. ಆದರೆ ಇನ್ನೊಬ್ಬರ ಹೆಸರನ್ನು ಎತ್ತಿಕೊಳ್ಳುವ ಮುನ್ನ ಅವರನ್ನು ಕೇಳಬೇಕಾಗಿತ್ತು. ಅಂದಿನಿಂದ ನಾವು ಆ ಗೆಳೆಯನನ್ನು ಅವನ ತಾಯಿತಂದೆಗಳು ಇಟ್ಟ ಹೆಸರಿನಿಂದಲೇ ಕರೆಯತೊಡಗಿದೆವು. ಕೆಲವು ದಿನ ನಾಲಗೆ ತಪ್ಪುತ್ತಿತ್ತು. ಆಮೇಲೆ ಅಭ್ಯಾಸವಾಯಿತು.