ನಿಮಗಿದು ಗೊತ್ತೆ? ಒಲೆಯ ಶಾಖ ಉಳಿಸುವುದು ಬೂದಿ!

ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳು ಇರುವುದು ಮಂಡ್ಯದ ಕಬ್ಬಿನ ಸೀಮೆಯಲ್ಲಿ. ಇಲ್ಲಿನ ಆಲೆಮನೆಗಳಲ್ಲಿ ಹಾಲು ಹಿಂಡಿದ ಕಬ್ಬಿನ ಸಿಪ್ಪೆಯೇ ಒಣಗಿ ಉರುವಲಾಗುತ್ತದೆ. ಬೆಲ್ಲದ ಪಾಕ ಅಚ್ಚಿಗೆ ಹದವಾಗಲು ಸುಮಾರು 118 ಡಿಗ್ರಿ ಸೆಲ್ಸಿಯಸ್ ಕಾವು ಬೇಕು.

ಆದರೆ ಉರಿಯ ಶಾಖವೆಲ್ಲ ಕೊಪ್ಪರಿಗೆಗೆ ಸೇರುವುದಿಲ್ಲ. ಒಂದು ಪಾಲು ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದು ಪಾಲನ್ನು ಒಲೆಯ ಗೋಡೆ, ನೆಲ ಹೀರುತ್ತವೆ. ಕೊಪ್ಪರಿಗೆಯ ಅಂಚಿಗೂ ಒಲೆಯ ಬಾಯಿಗೂ ನಡುವಿನ ಸಂದಿಗೆ ಹಸಿಮಣ್ಣು ಮೆತ್ತುವುದೂ ಶಾಖ ಸೋರದಿರಲೆಂದೇ. ಒಂದು ಬೆರಳಗಲ ಬಿರುಕಿದ್ದರೂ ಉರಿ ಅಲ್ಲಿಂದ ನಾಲಿಗೆ ಚಾಚುತ್ತದೆ.

ಗೋಡೆಯನ್ನು ದಪ್ಪ ಕಟ್ಟಿದರೆ ಸಾಲದು. ಗಟ್ಟಿ ಇಟ್ಟಿಗೆ ಶಾಖವನ್ನು ಹೊರಗೆ ಸಾಗಿಸುತ್ತಲೇ ಇರುತ್ತದೆ. ಎರಡು ಪದರ ಗೋಡೆ ಕಟ್ಟಿ, ನಡುವೆ ಒಣಗಿದ ಭತ್ತದ ಹೊಟ್ಟಿನ ಬೂದಿ ತುಂಬಿದರೆ ಶಾಖದ ಸೋರಿಕೆ ಬಹಳ ಇಳಿಯುತ್ತದೆ. ಬೂದಿಯ ಕಣಗಳ ನಡುವೆ ಸಿಕ್ಕಿಬಿದ್ದ, ಅಲುಗಾಡದ ಗಾಳಿಯೇ ಕಾರಣ. ಬೂದಿಗೆ ನೀರು ತಾಗಿದರೆ ಈ ಗುಣ ಕೆಡುತ್ತದೆ. ಚಳಿ ದೇಶಗಳಲ್ಲಿ ಅಗ್ಗಿಷ್ಟಿಕೆಯೊಳಗೆ ಕೂರಿಸಿದ ಕಬ್ಬಿಣದ ಒಲೆಯ ಸುತ್ತ, ಕಲ್ಲು ಕರಗಿಸಿ ಎಳೆದ ನಾರಿನ ಹಾಸು ಹೊದಿಸುವುದೂ ಇದೇ ತತ್ವದಿಂದ.

ಹಳ್ಳಿಯ ಒಲೆಯ ಬಗ್ಗೆ ವಿಜ್ಞಾನಿಗಳೂ ತಲೆ ಓಡಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ಕೇಂದ್ರವೇ ಹೊಗೆಕೊಳವೆಯುಳ್ಳ 'ಅಸ್ತ್ರ ಒಲೆ'ಯನ್ನು ರೂಪಿಸಿದ್ದು. ಕಡಿಮೆ ಸೌದೆ, ಅಡುಗೆಮನೆಯಲ್ಲಿ ಕಡಿಮೆ ಹೊಗೆ ಅದರ ಗುರಿ.

ಎಚ್ಚರಿಕೆ: ಶಾಖ ಉಳಿಸಲು ಹೋಗಿ ಗಾಳಿ ಬರುವ ಕಿಂಡಿಯನ್ನಾಗಲೀ ಹೊಗೆಕೊಳವೆಯನ್ನಾಗಲೀ ಮುಚ್ಚಬೇಡಿ. ಅರೆಬರೆ ಉರಿದ ಸೌದೆಯಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವವನ್ನೇ ತೆಗೆಯಬಲ್ಲದು.